ಆಲೆಮನೆ ಇಸ್ಕೂಲಿನ ಹಿಟ್ಟಿನ ಪಾಳಿ

ನಮ್ಮ ಮನೆಯಲ್ಲಿ ರಾಗಿ ಮುದ್ದೆ ಮಾಡುವವನು ನಾನು. ಅನ್ನ, ಹುಳಿ, ಪಲ್ಯ ಎಲ್ಲ ನನ್ನ ಹೆಂಡತಿಯ ಇಲಾಖೆ. ಮುದ್ದೆಯ ದಿನ ಮಾತ್ರ ಅವಳು ಅಡುಗೆಮನೆಯಿಂದ ಹೊರಬಿದ್ದು ಪೇಪರು ಹಿಡಿದು ಕೂರುತ್ತಾಳೆ. ಮೊನ್ನೆ ಹೊಸದಾಗಿ ಬಂದ ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಪಾತ್ರೆಯನ್ನು ನೆಲಕ್ಕಿಳಿಸಿ, ಮಸಿಬಟ್ಟೆ ಸುತ್ತಿ, ಎರಡು ಪಾದಗಳ ನಡುವೆ ಒತ್ತಿ ಹಿಡಿದು ಕೋಲು ತಿರುಗಿಸುತ್ತಿದ್ದೆ. ಈ ವಯಸ್ಸಿನಲ್ಲಿ ಅದೇನೂ ನೋಡಲು ಚೆಂದದ ಭಂಗಿಯಲ್ಲ.

"ಮಾವ, ಇದನ್ನೆಲ್ಲ ಎಲ್ಲಿ ಕಲಿತಿರಿ?" ಎಂದಳು.

"ಇಸ್ಕೂಲಲ್ಲಿ" ಎಂದೆ.

ಅವಳು ನಕ್ಕಳು. ಮಾವನವರು ತಮಾಷೆಯ ಮನುಷ್ಯ ಎಂದುಕೊಂಡಿರಬೇಕು. ನಾನು ಹೇಳಿದ್ದು ನಿಜವಾಗಿತ್ತು. ಆದರೆ ಮುದ್ದೆ ಆರಿಹೋಗುತ್ತದೆ ಎಂದು ಆಗ ವಿವರಿಸಲು ಹೋಗಲಿಲ್ಲ. ನಿಮಗೆ ಹೇಳಬಹುದು, ನಿಮ್ಮ ತಟ್ಟೆಯಲ್ಲಿ ಸದ್ಯಕ್ಕೆ ಮುದ್ದೆ ಇಲ್ಲವಷ್ಟೆ.

ನಾನು ಹುಟ್ಟಿ ಬೆಳೆದದ್ದು ಬ್ಲಫಿನಲ್ಲಿ. ಶಿವನಸಮುದ್ರದ ಕರೆಂಟಿನ ಕಾರ್ಖಾನೆಯವರ ವಸತಿ ಅದು. ಬೆಟ್ಟದ ಮೇಲೆ ಕ್ವಾರ್ಟರ್ಸು, ಕೆಳಗೆ ಕಣಿವೆಯಲ್ಲಿ ಪವರ್ ಹೌಸು, ನಡುವೆ ಹಳಿಯ ಮೇಲೆ ಇಳಿದು ಹತ್ತುವ ಟ್ರಾಲಿ. ಅಪ್ಪ ಶಿಫ್ಟಿಗೆ ಹೊರಟರೆ ಆ ಟ್ರಾಲಿಯಲ್ಲಿ ಕೂತು ಕಣಿವೆಯೊಳಗೆ ಜಾರಿ ಮಾಯವಾಗುತ್ತಿದ್ದರು. ಲೋಕದ ಅಪ್ಪಂದಿರೆಲ್ಲ ಕೆಲಸಕ್ಕೆ ಹೋಗುವುದು ಹೀಗೆಯೇ ಎಂದು ನಾನು ಬಹಳ ಕಾಲ ನಂಬಿದ್ದೆ. ಮಳವಳ್ಳಿಯಲ್ಲಿ ಸೈಕಲ್ಲಿನ ಮೇಲೆ ಆಫೀಸಿಗೆ ಹೋಗುವ ಒಬ್ಬರನ್ನು ನೋಡಿ, ಪಾಪ, ಇವರಿಗೆ ಟ್ರಾಲಿ ಕೊಟ್ಟಿಲ್ಲ ಎಂದು ಮರುಗಿದ್ದುಂಟು.

ನನಗೆ ಮಾತು ತೊದಲುತ್ತಿತ್ತು. ಈಗಲೂ ತೊದಲುತ್ತದೆ. ಆದರೆ ಈಗ ಕೇಳುವವರು ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಿರುತ್ತಾರೆ. ಆಗ ಹಾಗಲ್ಲ. ಇಸ್ಕೂಲಿನಲ್ಲಿ ಮಗ್ಗಿ ಒಪ್ಪಿಸುವಾಗ ನಾಲಿಗೆ 'ಹ'ಕಾರದಲ್ಲಿ ಸಿಕ್ಕಿಕೊಂಡರೆ ಹನ್ನೊಂದು, ಹನ್ನೆರಡು, ಹದಿಮೂರು ಎಲ್ಲವೂ ಒಳಗೇ ಉಳಿಯುತ್ತಿದ್ದವು. ಉತ್ತರ ಗೊತ್ತಿದ್ದೂ ಹಟಕ್ಕೆ ಹೇಳುತ್ತಿಲ್ಲ ಎಂದು ಅಲ್ಲಿನ ಮೇಷ್ಟರು ಬೆತ್ತ ಎತ್ತುತ್ತಿದ್ದರು. ಬೆತ್ತ ಕಂಡರೆ ಮಿಕ್ಕ ಅಕ್ಷರಗಳೂ ಸಿಕ್ಕಿಕೊಳ್ಳುತ್ತಿದ್ದವು. ಅಮ್ಮ ದಿನಾ ಬೆಳಿಗ್ಗೆ ಬಜೆ ತೇದು ನಾಲಿಗೆಗೆ ಹಚ್ಚಿದಳು, ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಕಡೆಗೊಂದು ದಿನ ನಾನು ಇಸ್ಕೂಲಿಗೆ ಹೋಗುವುದಿಲ್ಲ ಎಂದು ಕೂತುಬಿಟ್ಟೆ. ಆ ವಾಕ್ಯವನ್ನು ಬಾಯಿಬಿಟ್ಟು ಹೇಳಲು ಆಗದೆ ಮಂಚದ ಕೆಳಗೆ ತೂರಿಕೊಂಡೆ ಎಂದರೆ ಹೆಚ್ಚು ಸರಿ.

ಅಪ್ಪನ ಶಿಫ್ಟಿನಲ್ಲಿದ್ದ ಒಬ್ಬರು ಮಳವಳ್ಳಿ ಕಡೆಯ ಹಳ್ಳಿಯವರು. ತಮ್ಮೂರ ಹತ್ತಿರ ತಿಮ್ಮೇಗೌಡ ಅನ್ನುವವರೊಬ್ಬರು ಹೈಸ್ಕೂಲು ಮೇಷ್ಟರ ಕೆಲಸ ಬಿಟ್ಟು ಬಂದು, ಹಳೇ ಆಲೆಮನೆಯಲ್ಲಿ ಮಕ್ಕಳನ್ನು ಇಟ್ಟುಕೊಂಡಿದ್ದಾರೆಂದೂ, ಅಲ್ಲಿ ಬೆತ್ತವಿಲ್ಲ, ಗಂಟೆಯಿಲ್ಲ, ಪಾಠವೂ ಇದ್ದಂತಿಲ್ಲವೆಂದೂ ಅವರೇ ಹೇಳಿದ್ದು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಅಪ್ಪ ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೊರಟರು. ನಾಲೆಯ ಸೇತುವೆ ಹತ್ತಿರ ಇಳಿದು, ಕಬ್ಬಿನ ಗದ್ದೆಗಳ ನಡುವೆ ನಡೆದು ಹೋದೆವು. ಮೇಷ್ಟರು ಪಂಚೆ ಮೇಲಕ್ಕೆ ಕಟ್ಟಿ ಸೂರಿನ ಮೇಲೆ ಹೆಂಚು ಸರಿಮಾಡುತ್ತಿದ್ದರು. ಕೆಳಗಿಳಿಯದೆಯೇ ಮಾತಾಡಿದರು.

"ಇಲ್ಲಿ ಏನೇನು ಪಾಠ ಮಾಡ್ತೀರಿ?" ಎಂದು ಅಪ್ಪ ಕೇಳಿದರು.

"ಮಕ್ಳು ಕೇಳಿದ್ದ ಹೇಳ್ಕೊಡ್ತೀವಿ ಸ್ವಾಮಿ. ಕೇಳದೆ ಇದ್ರೆ ಬುಡ್ತೀವಿ."

"ಇವನು ಏನೂ ಕೇಳದೇ ಹೋದರೆ?"

"ಕಾಯ್ತೀವಿ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ವಾಪಸು ಹೊರಡುತ್ತಿದ್ದರೋ ಏನೋ. ಆದರೆ ಅಪ್ಪನ ಕೆಲಸವೇ ಯಂತ್ರದ ಮುಂದೆ ಕೂತು ಮೀಟರಿನ ಮುಳ್ಳು ಅಲ್ಲಾಡುವುದನ್ನು ಕಾಯುವುದು. ಅವರಿಗೆ ಆ ಉತ್ತರ ಅರ್ಥವಾಯಿತು. ನನ್ನ ಟ್ರಂಕನ್ನು ಜಗುಲಿಯ ಮೇಲಿಟ್ಟರು. ನಾಡಿಗೆಲ್ಲ ಕರೆಂಟು ಕಳಿಸುವ ಊರಿನ ಹುಡುಗ ಹೀಗೆ ಕರೆಂಟೇ ಇಲ್ಲದ ಮನೆ ಸೇರಿದ.

ಅದು ನಿಜಕ್ಕೂ ಬೆಲ್ಲ ಕಾಯಿಸುತ್ತಿದ್ದ ಆಲೆಮನೆಯೇ. ಮೇಷ್ಟರ ವಂಶದವರದು. ಗಾಣ ಕಿತ್ತುಹೋಗಿ ಎಷ್ಟೋ ಕಾಲವಾಗಿದ್ದರೂ ಗೋಡೆಗೆ ಮೂಗಿಟ್ಟರೆ ಬೆಲ್ಲದ ವಾಸನೆ ಬರುತ್ತಿತ್ತು. ಇರುವೆಗಳು ಮಾತ್ರ ಆಸೆ ಬಿಟ್ಟಿರಲಿಲ್ಲ. ಕೊಪ್ಪರಿಗೆ ಕೂರಿಸುತ್ತಿದ್ದ ದೊಡ್ಡ ಒಲೆಯ ಗುಂಡಿಗೆ ಗೋಣಿತಾಟು ಹಾಸಿದ್ದರು. ಓದಬೇಕೆನಿಸಿದವರು ಅದರೊಳಗಿಳಿದು ಕೂರಬೇಕು. ಕೊಪ್ಪರಿಗೆಯನ್ನು ಬಾವಿಯ ಪಕ್ಕಕ್ಕೆ ಎಳೆದು ಸ್ನಾನದ ತೊಟ್ಟಿ ಮಾಡಿಕೊಂಡಿದ್ದರು. ಬೆಲ್ಲದ ಅಚ್ಚಿನ ಮಣೆಗಳಲ್ಲಿ ಮರಳು ತುಂಬಿ ಚಿಕ್ಕವರು ಅಕ್ಷರ ತೀಡುತ್ತಿದ್ದರು. ಸುತ್ತಲ ಹಳ್ಳಿಗಳಿಂದ ಬಂದುಹೋಗುವ ಮಕ್ಕಳು, ಮದ್ದೂರು ಮಂಡ್ಯದ ಕಡೆಯಿಂದ ಬಂದು ನನ್ನಂತೆ ಅಲ್ಲೇ ಉಳಿದವರು, ಎಲ್ಲ ಸೇರಿ ಒಂದು ಬಸ್ಸಿನ ಸೀಟುಗಳೆಲ್ಲ ತುಂಬುವಷ್ಟು ಜನ. ಮೇಷ್ಟರ ಹೆಂಡತಿ ಸಾಕಮ್ಮನನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಊರವರು ಆ ಜಾಗವನ್ನು ಆಲೆಮನೆ ಇಸ್ಕೂಲು ಎನ್ನುತ್ತಿದ್ದರು. ಹೇಳುವಾಗ ಸ್ವಲ್ಪ ನಗುತ್ತಿದ್ದರು.

ಬೆಳಿಗ್ಗೆ ಗಂಜಿ ಕುಡಿದ ಮೇಲೆ ಹೊಂಗೆ ಮರದ ಕೆಳಗೆ ಸುತ್ತಾಗಿ ಕೂರುವುದು. ಪ್ರತಿಯೊಬ್ಬರೂ ಆ ದಿನ ಏನು ಮಾಡುತ್ತೇನೆಂದು ಹೇಳುವುದು. ಒಬ್ಬ ಬಾವಿಯ ಆಳ ಅಳೀತೀನಿ ಎಂದ. ಇನ್ನೊಬ್ಬಳು ಭಾಗಾಕಾರ ಕಲೀತೀನಿ, ಅಕ್ಕ ಹೇಳ್ಕೊಡಬೇಕು ಎಂದಳು. ಜಯಮ್ಮ ಎಂಬ ನನ್ನದೇ ವಯಸ್ಸಿನ ಹುಡುಗಿ ರೇಷ್ಮೆ ಹುಳಕ್ಕೆ ಎಷ್ಟು ಸೊಪ್ಪು ಬೇಕೆಂದು ತೂಗಿ ನೋಡ್ತೀನಿ ಎಂದಳು. ನನ್ನ ಸರದಿ ಬಂತು. ಬಾಯಿ ತೆರೆದೆ. ಏನೂ ಬರಲಿಲ್ಲ. ಯಾರಾದರೂ ಒಬ್ಬರು ನನ್ನ ಮಾತನ್ನು ತಾವೇ ಪೂರ್ತಿ ಮಾಡಿ ಮುಂದಕ್ಕೆ ಹೋಗುತ್ತಾರೆಂದು ಕಾದೆ. ಎಲ್ಲ ಕಡೆಯೂ ಹಾಗೇ ಆಗುತ್ತಿತ್ತು. ಇಲ್ಲಿ ಯಾರೂ ಮಾಡಲಿಲ್ಲ. ಮೇಷ್ಟರು ನೆಲದ ಮೇಲಿದ್ದ ಹೊಂಗೆಕಾಯಿ ಬಿಡಿಸುತ್ತಾ ಕೂತಿದ್ದರು. ಜಯಮ್ಮ ಜಡೆ ಬಿಚ್ಚಿ ಇನ್ನೊಮ್ಮೆ ಹೆಣೆದುಕೊಂಡಳು. ಕಡೆಗೆ ನನ್ನ ಬಾಯಿಂದ "ಏ... ಏ... ಏನೂ ಇಲ್ಲ" ಎಂದು ಬಂತು.

"ಸರಿ, ಸೀನ ಇವತ್ತು ಏನೂ ಮಾಡಕ್ಕಿಲ್ವಂತೆ" ಎಂದು ಜಯಮ್ಮ ಎಲ್ಲರಿಗೂ ತಿಳಿಸಿ, ಮುಂದಿನವನ ಕಡೆ ತಿರುಗಿದಳು. ಶ್ರೀನಿವಾಸ ಎಂಬ ನನ್ನ ಹೆಸರನ್ನು ಹಾಗೆ ಮೊಟಕು ಮಾಡಿದವಳೂ ಅವಳೇ.

ಏನೂ ಮಾಡದೆ ಇರುವುದು ಎಷ್ಟು ದಣಿವಿನ ಕೆಲಸ ಎಂಬುದು ಮಾಡಿದವರಿಗೇ ಗೊತ್ತು. ಮೊದಲ ದಿನ ಸುಖವಾಗಿತ್ತು. ಎರಡನೆಯ ದಿನ ನಾಲೆಯ ದಂಡೆಯ ಮೇಲೆ ಮಲಗಿದೆ, ಕಟ್ಟಿರುವೆ ಕಚ್ಚಿತು. ಆಮೇಲಾಮೇಲೆ ಬೇಜಾರು ಶುರುವಾಯಿತು. ಎಲ್ಲರೂ ಏನೋ ಒಂದರಲ್ಲಿ ಮುಳುಗಿದ್ದಾರೆ, ನನ್ನನ್ನು ಮಾತ್ರ ಯಾರೂ ಗದರುವುದಿಲ್ಲ, ಕರೆಯುವುದೂ ಇಲ್ಲ. ದಿನಾ ಬೆಳಿಗ್ಗೆ ನಾನು ಏನೂ ಇಲ್ಲ ಎನ್ನುವುದು, ಅವರು ಅದನ್ನು ಕಾದು ಕೇಳಿಸಿಕೊಂಡು ಸರಿ ಎನ್ನುವುದು. ಆ ಎರಡು ಮಾತನ್ನು ಅಷ್ಟು ಸಲ ಹೇಳಿ ಹೇಳಿ, ಅದನ್ನು ತೊದಲದೆ ಹೇಳುವಷ್ಟು ಪಳಗಿದೆ.

ನನ್ನನ್ನು ಆ ಬೇಜಾರಿನಿಂದ ಎತ್ತಿದವನು ಸಿದ್ದರಾಜು. ನಾಲೆಯಾಚೆಯ ಕಾಲೋನಿಯ ಹುಡುಗ. ಅವರ ಮನೆಯಲ್ಲಿ ಬಾಗಿಲಿಗೆ ಎದುರಾಗಿ ಬುದ್ಧನ ಪಟವಿತ್ತು. ಅವನಪ್ಪ ಅಮ್ಮ ಇಬ್ಬರೂ ಕಬ್ಬು ಕಡಿಯಲು ಹೋಗುತ್ತಿದ್ದುದರಿಂದ ತಮ್ಮ ತಂಗಿಯರಿಗೆ ಹಿಟ್ಟು ತೊಳಸಿ ಉಣ್ಣಿಸುವುದು ಇವನ ಪಾಲಿಗೆ ಬಂದಿತ್ತು. ನಮ್ಮ ಕಡೆ ಮುದ್ದೆಗೆ ಹಿಟ್ಟು ಎನ್ನುತ್ತಾರೆ, ಅದನ್ನು ಕೋಲಿನಿಂದ ತಿರುವುವುದಕ್ಕೆ ತೊಳಸುವುದು ಎನ್ನುತ್ತಾರೆ, ನಿಮಗೆ ಗೊತ್ತಿದ್ದೇ ಇರುತ್ತದೆ. ಆಲೆಮನೆಯಲ್ಲಿ ಅಡುಗೆಗೆ ಬೇರೆ ಜನವಿರಲಿಲ್ಲ. ಇಬ್ಬಿಬ್ಬರ ಜೊತೆ ಮಾಡಿ ಪಾಳಿ ಹಾಕುತ್ತಿದ್ದರು, ಸಾರಿಗೆ ಇಬ್ಬರು, ಹಿಟ್ಟಿಗೆ ಇಬ್ಬರು. ಅಷ್ಟು ಜನರ ಹಿಟ್ಟಿನ ಮಡಕೆಯನ್ನು ಒಬ್ಬರು ಕವೆಗೋಲಿನಿಂದ ಅಲ್ಲಾಡದಂತೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ತೊಳಸಬೇಕು. ಒಮ್ಮೆ ಸಿದ್ದರಾಜುವಿನ ಜೊತೆಯವನಿಗೆ ಜ್ವರ ಬಂತು. ಅವನು ಸುತ್ತ ನೋಡಿದಾಗ ಏನೂ ಮಾಡದೆ ಕೂತಿದ್ದವನು ನಾನೊಬ್ಬನೇ.

"ಲೇ ಸೀನ, ಬಾರ್ಲಾ ಇಲ್ಲಿ. ಈ ಕವೆಗೋಲ ಒತ್ತಿ ಇಡ್ಕ. ಮಾತಾಡಂಗಿಲ್ಲ, ಬರೀ ಇಡ್ಕಳದು."

ಮಾತಾಡಬೇಕಿಲ್ಲ ಎಂಬುದೇ ನನಗೆ ಹಿಡಿಸಿತು. ಕವೆಗೋಲು ಒತ್ತಿ ಹಿಡಿದೆ. ಹೊಗೆಗೆ ಕಣ್ಣಲ್ಲಿ ನೀರು ಸುರಿಯಿತು. ಎಸರು ಕುದಿಯುವ ಸದ್ದು ಬದಲಾಗುವುದನ್ನು, ಹಿಟ್ಟಿನ ಮೇಲೆ ಗುಳ್ಳೆ ಒಡೆಯುವುದನ್ನು, ಕೋಲು ತಿರುಗಿದಂತೆಲ್ಲ ಅದು ಮೆತ್ತಗೆ ಹೊಳಪಾಗುವುದನ್ನು ನೋಡಿದೆ. ಮರುದಿನ ಬೆಳಿಗ್ಗೆ ಹೊಂಗೆ ಮರದ ಕೆಳಗೆ ನಾನು "ಹಿ... ಹಿಟ್ಟು" ಎಂದೆ. ಮೇಷ್ಟರು ಹೊಂಗೆಕಾಯಿಯಿಂದ ತಲೆಯೆತ್ತಿ ನೋಡಿದರು. ಅಷ್ಟೆ.

ನಾನು ತೊಳಸಿದ ಮೊದಲ ಮುದ್ದೆಯಲ್ಲಿ ಗಂಟುಗಳೇ ಹೆಚ್ಚಿದ್ದವು. ಬಾವಿ ಅಳೆಯುವ ಹುಡುಗ ಅದರಲ್ಲೊಂದನ್ನು ಗೋಡೆಗೆ ಎಸೆದು, ಅದು ಪುಟಿದು ಬಂದದ್ದನ್ನು ಎಲ್ಲರಿಗೂ ತೋರಿಸಿದ. "ನಗಬ್ಯಾಡ್ರಲಾ, ಮೊದ್ಲು ನಾನು ಮಾಡಿದ್ದ ನಮ್ಮೆಮ್ಮೇನೂ ಮೂಸ್ನಿಲ್ಲ" ಎಂದ ಸಿದ್ದರಾಜು. ಬರಬರುತ್ತಾ ನನಗೆ ಕೈ ಕುದುರಿತು. ಹಿಟ್ಟಿಗೆ ನೀರು ಎಷ್ಟು ಎಂಬ ಪ್ರಶ್ನೆಯಿಂದ ಲೆಕ್ಕ ಹತ್ತಿತು. ರಾಗಿ ಎಲ್ಲಿಂದ ಬಂತು ಎಂದು ಕೇಳಿ, ಒಲೆಯ ಗುಂಡಿಯಲ್ಲಿ ಕೂತು ಪುಸ್ತಕ ಓದತೊಡಗಿದೆ. ಮಗ್ಗಿಯನ್ನು ಕೋಲು ತಿರುಗಿಸುತ್ತಾ ಕಲಿತೆ. ಸುತ್ತು ಹಾಕುವ ಕೈಗೆ ನಾಲಿಗೆ ತಾಳ ಹಾಕಿದರೆ ಹನ್ನೊಂದು ಹನ್ನೆರಡುಗಳು ಸಿಕ್ಕಿಕೊಳ್ಳದೆ ಹೊರಬರುತ್ತಿದ್ದವು. ಸಿದ್ದರಾಜುವೂ ನಾನೂ ಕಾಯಂ ಜೊತೆಯಾದೆವು. ನಮ್ಮಿಬ್ಬರ ಪಾಳಿಯ ದಿನ ಮಕ್ಕಳು ಒಂದೊಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದರು. ಇದು ಜಂಬವಲ್ಲ. ಜಂಬವೇ ಇರಬಹುದು, ಇಷ್ಟು ವರ್ಷದ ಮೇಲೆ ಕ್ಷಮಿಸಿ.

ತೊಂದರೆ ಶುರುವಾದದ್ದು ಈ ಒಳ್ಳೆಯ ಮುದ್ದೆಯಿಂದಲೇ. ಜಯಮ್ಮ ಮೇಷ್ಟರ ದೊಡ್ಡಪ್ಪ ದೊಡ್ಡೇಗೌಡರ ಮೊಮ್ಮಗಳು. ಗೌಡರು ಊರಿಗೆ ದೊಡ್ಡವರು, ಆಲೆಮನೆಗೆ ಬರುವ ಗಾಡಿದಾರಿ ಹಾದುಬರುವುದೂ ಅವರ ಗದ್ದೆಯ ಅಂಚಿನಲ್ಲೇ. ಒಂದು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತ ಜಯಮ್ಮ, ತಟ್ಟೆಯಲ್ಲಿ ಗಂಟು ಸಿಕ್ಕಿದ್ದಕ್ಕೆ ಅವಳಮ್ಮನನ್ನು, "ಸಿದ್ರಾಜ ತೊಳ್ಸದಂಗೆ ತೊಳ್ಸಕ್ಕೆ ಬರಕಿಲ್ವೇನವ್ವ ನಿಂಗೆ?" ಎಂದು ಕೇಳಿದಳಂತೆ. ಪಕ್ಕದಲ್ಲಿ ಉಣ್ಣುತ್ತಿದ್ದ ತಾತನ ಕೈ ತಟ್ಟೆಯಲ್ಲೇ ನಿಂತಿತಂತೆ. ಮಕ್ಕಳು ಒಟ್ಟಿಗೆ ಆಡುತ್ತಾರೆ, ಓದುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು, ಅದನ್ನು ಹೇಗೋ ನುಂಗಿಕೊಂಡಿದ್ದರು. ಯಾರು ಬೇಯಿಸುತ್ತಾರೆಂದು ಅವರು ಕೇಳಿರಲಿಲ್ಲ, ಯಾರೂ ಹೇಳಿರಲೂ ಇಲ್ಲ.

ಮರುದಿನ ಬೆಳಿಗ್ಗೆ ಬಿಳಿ ಪಂಚೆ ಬಿಳಿ ರುಮಾಲಿನ ದೊಡ್ಡೇಗೌಡರು ಬಂದು ಆಲೆಮನೆಯ ಅಂಗಳದಲ್ಲಿ ನಿಂತರು. ಒಳಗೆ ಬರಲಿಲ್ಲ.

"ತಿಮ್ಮಾ, ಒಲೆ ಎಲ್ಡು ಮಾಡ್ಲಾ. ನಮ್ ಐಕ್ಳಿಗೆ ಒಂದು, ಅವುರ್ಗೆ ಒಂದು. ಇಲ್ಲಾಂದ್ರೆ ನನ್ ಮೊಮ್ಮಗಳ ಕರ್ಕೊಂಡೋಯ್ತೀನಿ. ಗಾಡಿದಾರೀಗೂ ಬೇಲಿ ಆಕ್ತೀನಿ."

ಮೇಷ್ಟರು ಅಂಗಳಕ್ಕೆ ಇಳಿದು ಬಂದರು. ಆಮೇಲೆ, "ಪಾಳಿ ಆಕದು ನಾನಲ್ಲ ದೊಡ್ಡಪ್ಪ, ಮಕ್ಳು. ಶನಿವಾರ ಸಭೆ ಅದೆ. ಬಂದು ಅವುರ್ನೇ ಕೇಳಿ" ಎಂದರು.

"ಐಕ್ಳ ಮುಂದೆ ನಾನು ಬಂದು ಕೇಳ್ಬೇಕಾ?"

"ನಾನೂ ಕೇಳ್ತೀನಿ ದೊಡ್ಡಪ್ಪ. ಎಲ್ರಂಗೆ ಕೈ ಎತ್ತಿ ಕೇಳ್ತೀನಿ."

ಬರುವುದಿಲ್ಲ ಎಂದುಕೊಂಡಿದ್ದೆವು. ಶನಿವಾರ ಅವರು ಬಂದರು. ಅಕ್ಕ ಚಾಪೆ ಹಾಸಿದಳು, ಅದರ ಮೇಲೆ ಕೂತರು, ಕೋಲು ಪಕ್ಕಕ್ಕಿಟ್ಟುಕೊಂಡರು. ಆ ವಾರ ಸಭೆ ನಡೆಸುವ ಸರದಿ ಯಾರದು ಗೊತ್ತೆ? ನನ್ನದು. ಸರದಿ ತಪ್ಪಿಸಿ ಎಂದು ನಾನು ಬೆಳಿಗ್ಗೆಯೇ ಅಕ್ಕನನ್ನು ಕೇಳಿದ್ದೆ. ಸಭೇಲಿ ಕೇಳು ಎಂದಿದ್ದಳು. ಸಭೆಯನ್ನು ಶುರುಮಾಡದೆ ಸಭೆಯನ್ನು ಕೇಳುವುದು ಹೇಗೆಂದು ನನಗೆ ಹೊಳೆಯಲಿಲ್ಲ.

"ಸ... ಸ... ಸಭೆ..." ಎಂದು ತೊಡಗಿದೆ.

"ಏನ್ಲಾ ಅದು, ಬ್ಯಾಗ ಒದ್ರು" ಎಂದರು ಗೌಡರು.

"ತಾತ, ಕೈ ಎತ್ತಿ ಮಾತಾಡಿ" ಎಂದಳು ಜಯಮ್ಮ. ಅವಳ ದನಿಯಲ್ಲಿ ಅಹಂಕಾರವಿರಲಿಲ್ಲ. ಹೊಸಬರಿಗೆಲ್ಲ ಅದನ್ನು ಹೇಳುವುದು ಅವಳ ಅಭ್ಯಾಸ.

ಎಲ್ಲರೂ ಕಾದರು. ಗೌಡರೂ ಕಾಯಲೇಬೇಕಾಯಿತು. ನಾನು ವಾಕ್ಯ ಮುಗಿಸಿದೆ. ಆಮೇಲೆ ಗೌಡರು ನಿಜಕ್ಕೂ ಕೈ ಎತ್ತಿದರು, ಸೊಂಟದವರೆಗೆ ಮಾತ್ರ. ಎರಡು ಒಲೆಯ ಮಾತನ್ನು ಮತ್ತೆ ಹೇಳಿದರು. ಕೆಟ್ಟ ಮಾತು ಯಾವುದೂ ಆಡಲಿಲ್ಲ. ನಾವು ಹುಟ್ಟಿದಾಗಿಂದ ಬಂದಿರೋ ನಡಾವಳಿ, ಇಲ್ಲಿ ಯಾರನ್ನೂ ನಾನು ಕೀಳು ಅಂತಿಲ್ಲ, ಒಲೆ ಬ್ಯಾರೆ ಆದ್ರೆ ಸಾಕು ಎಂದರು. ಮೆತ್ತಗೆ ಹೇಳಿದ್ದರಿಂದ ಅದು ಇನ್ನೂ ಭಾರವಾಗಿತ್ತು.

ಸಿದ್ದರಾಜು ಕೈ ಎತ್ತಿದ. ನೆಲ ನೋಡುತ್ತಾ ಹೇಳಿದ: "ಎಲ್ಡು ಒಲೆ ಯಾಕೆ? ನಾನು ತೊಳ್ಸಕಿಲ್ಲ ಬುಡಿ. ನಮ್ಮೋರು ಯಾರೂ ತೊಳ್ಸಕಿಲ್ಲ. ನೀವೇ ಮಾಡಿ, ನಾವು ಉಣ್ತೀವಿ. ನಂಗೂ ಕೈನೋವು ತಪ್ತದೆ."

ಸಭೆಯಲ್ಲಿ ಒಂದು ನೆಮ್ಮದಿ ಹರಡಿದ್ದು ನನಗೆ ಗೊತ್ತಾಯಿತು. ಜಗಳವಿಲ್ಲ, ಬೇಲಿಯಿಲ್ಲ, ಎಲ್ಲ ಮುಗಿಯಿತು. ಗೌಡರು, "ನೋಡು, ಬುದ್ಧಿವಂತ ಹೈದ" ಎಂದರು. ನಾನು ಮೇಷ್ಟರ ಮುಖ ನೋಡಿದೆ. ಅವರ ಮುಖ ಕಪ್ಪಿಟ್ಟಿತ್ತು, ಆದರೆ ಕೈ ಎತ್ತಿರಲಿಲ್ಲ. ಅಕ್ಕನೂ ಎತ್ತಿರಲಿಲ್ಲ. ಅವರು ತಾವೇ ಮಾತಾಡಿ ಮುಗಿಸಬಾರದೇ ಎಂದು ನನಗೆ ಅಂದು ಸಿಟ್ಟು ಬಂದಿತ್ತು. ಇನ್ನೇನು ಎಲ್ಲರೂ ಒಪ್ಪಿದರೇ ಎಂದು ನಾನೇ ಕೇಳಬೇಕು. ಆ ಮಾತಿನ ಬದಲು ಬಾಯಿಗೆ ಬೇರೆಯೇ ಬಂತು.

"ನಂ... ನಂ... ನಂಗಾಗಲ್ಲ" ಎಂದೆ.

"ಏನಾಗಲ್ಲ?" ಎಂದರು ಗೌಡರು. ಜಯಮ್ಮ ಅವರತ್ತ ನೋಡಿದಳು. ಅವರು ಕೈ ಸ್ವಲ್ಪ ಎತ್ತಿದಂತೆ ಮಾಡಿ ಇಳಿಸಿದರು.

ಒಬ್ಬನ ಕೈಲಿ ಮಡಕೆ ನಿಲ್ಲುವುದಿಲ್ಲ ಎಂದೆ. ಸಿದ್ದರಾಜು ನನ್ನ ಜೊತೆ ಎಂದೆ. ಅವನು ತೊಳಸದಿದ್ದರೆ ನಾನೂ ತೊಳಸುವುದಿಲ್ಲ ಎಂದೆ. ಇಷ್ಟೇ. ಇದರಲ್ಲಿ ನ್ಯಾಯ ಧರ್ಮದ ಮಾತೇನೂ ಇರಲಿಲ್ಲ, ನನಗೆ ಅವೆಲ್ಲ ತಿಳಿಯುತ್ತಲೂ ಇರಲಿಲ್ಲ. ಆದರೆ ಈ ಮೂರು ಮಾತು ಹೊರಬರಲು ಹಿಡಿದ ಹೊತ್ತಿನಲ್ಲಿ ಬಿಸಿಲು ಚಾಪೆಯ ಮೇಲಿಂದ ಸರಿದಿತ್ತು. ಯಾರೂ ಅಲ್ಲಾಡಲಿಲ್ಲ. ಆ ಹೊತ್ತೆಲ್ಲ ಸಿದ್ದರಾಜು ತಲೆಯೆತ್ತಿ ನನ್ನ ಬಾಯನ್ನೇ ನೋಡುತ್ತಿದ್ದ.

ಜಯಮ್ಮ ಕೈ ಎತ್ತಿದಳು. "ತಾತ, ನಾನು ಇಲ್ಲಿಗೆ ಬಂದಾಗಿಂದ ಉಂಡಿವ್ನಿ. ಅವ್ನು ತೊಳ್ಸಿದ್ನೇ ಉಂಡಿವ್ನಿ. ನಂಗೇನೂ ಆಗ್ನಿಲ್ಲ. ಉಂಡ್ ಮ್ಯಾಲೆ ಅಟ್ಟೀಗೆ ಬಂದು ನಿಮ್ ತೊಡೆ ಮ್ಯಾಲೇ ಕುಂತಿವ್ನಿ. ನಿಮ್ಗೂ ಏನೂ ಆಗ್ನಿಲ್ಲ."

ಗೌಡರು ಕೋಲು ಹಿಡಿದು ಎದ್ದರು. ಸಿದ್ದರಾಜು ಮತ್ತೆ ಕೈ ಎತ್ತಿದ. "ನಾನು ಆಗಂದದ್ದ ವಾಪಸ್ಸು ತಕತೀನಿ" ಎಂದ. ಕೈ ಎತ್ತಿಸಿ ಎಣಿಸಿದೆವು. ಒಲೆ ಒಂದೇ ಎಂದಾಯಿತು. ಎತ್ತದೆ ಕೂತವರೂ ಕೆಲವರಿದ್ದರು. ಗೌಡರು ಎಣಿಕೆ ಮುಗಿಯುವವರೆಗೂ ನಿಂತಿದ್ದು, ಮೊಮ್ಮಗಳ ರಟ್ಟೆ ಹಿಡಿದು ಕರೆದುಕೊಂಡು ಹೋದರು. ಸಂಜೆಯ ಹೊತ್ತಿಗೆ ಗಾಡಿದಾರಿಗೆ ಜಾಲಿಮುಳ್ಳಿನ ಬೇಲಿ ಬಿತ್ತು.

ಅಲ್ಲಿಂದಾಚೆಗೆ ನಾವು ನಾಲೆಯ ಏರಿಯ ಮೇಲೆ ಸುತ್ತಿಕೊಂಡು ಓಡಾಡಿದೆವು. ರಾಗಿ ಮೂಟೆಯನ್ನು ಮೇಷ್ಟರೇ ಬೆನ್ನ ಮೇಲೆ ಹೊತ್ತು ತಂದರು. ಒಬ್ಬೊಬ್ಬರಾಗಿ ಹಳ್ಳಿಯ ಮಕ್ಕಳು ಬರುವುದು ನಿಂತಿತು. ಹೊಂಗೆ ಮರದ ಕೆಳಗಿನ ಸುತ್ತು ಚಿಕ್ಕದಾಯಿತು. ಒಂದು ದಿನ ಸಿದ್ದರಾಜು ಹಿಟ್ಟು ಹಾಕುತ್ತಾ, ಕೈ ನಿಲ್ಲಿಸಿ, "ನನ್ನಿಂದ ಇಸ್ಕೂಲು ಮುಚ್ಚೋಯ್ತದೆ ಕಣ್ಲಾ" ಎಂದ. ನಾನು ಕವೆಗೋಲು ಒತ್ತಿ ಹಿಡಿದೆ.

ಸುದ್ದಿ ಬ್ಲಫಿಗೂ ಹೋಯಿತು. ಅವರೆಕಾಯಿ ಕಾಲದ ಒಂದು ಭಾನುವಾರ ಅಪ್ಪ ಬಂದರು. ಕೈಯಲ್ಲಿ ಮಡಚಿದ ಖಾಲಿ ಚೀಲವಿತ್ತು. ಅದು ನನ್ನ ಬಟ್ಟೆ ತುಂಬಿಕೊಳ್ಳಲು ಅಮ್ಮ ಕೊಟ್ಟದ್ದೆಂದು ನೋಡಿದ ಕೂಡಲೇ ಗೊತ್ತಾಯಿತು. ನಮ್ಮದು ಮಡಿ ಮೈಲಿಗೆಯ ಮನೆ. ಅಮ್ಮ ಎರಡು ದಿನ ಊಟ ಬಿಟ್ಟಿದ್ದಳೆಂದು ಆಮೇಲೆ ತಿಳಿಯಿತು. ಅಪ್ಪ ಬಂದಾಗ ನಮ್ಮದೇ ಪಾಳಿ. ನಾನು ಕೋಲು ಹಿಡಿದಿದ್ದೆ, ಸಿದ್ದರಾಜು ಕವೆಗೋಲು. ನಡುವೆ ಬಿಟ್ಟರೆ ಹಿಟ್ಟು ಕೆಡುತ್ತದೆ. ನಾನು ಬಿಡಲಿಲ್ಲ. ಅಪ್ಪ ಬಾಗಿಲ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ನಾನು ಅಭ್ಯಾಸದಂತೆ ಕೋಲಿನ ಸುತ್ತಿಗೆ ಮಗ್ಗಿ ಹೇಳುತ್ತಿದ್ದೆ, ಅದನ್ನೂ ನಿಲ್ಲಿಸಲಿಲ್ಲ. ಹನ್ನೆರಡರ ಮಗ್ಗಿ ಪೂರ್ತಿ ಹೇಳಿ, ಹದಿಮೂರಕ್ಕೆ ಬಂದು, ಅದನ್ನೂ ಮುಗಿಸಿದೆ. ಸಿದ್ದರಾಜು ಮುಂದಿನದನ್ನು ಹಿಡಿದ. ಮುದ್ದೆ ಕಟ್ಟಿ ಮುಗಿಯುವವರೆಗೂ ಅಪ್ಪ ಅಲ್ಲೇ ನಿಂತಿದ್ದರು.

ಸಾಲಾಗಿ ತಟ್ಟೆ ಹಾಕಿದರು. ಸಿದ್ದರಾಜು ಸ್ವಲ್ಪ ದೂರದಲ್ಲೇ ನಿಂತು, "ಸಾರ್, ಉಣ್ತೀರಾ? ನಾನೂ ಸೀನನೂ ಮಾಡಿರದು" ಎಂದ. ಯಾರು ಮಾಡಿದ್ದೆಂದು ಅವನು ಬೇಕೆಂದೇ ಹೇಳಿದ. ಮುಚ್ಚಿಟ್ಟು ಉಣ್ಣಿಸುವುದು ಅವನಿಗೆ ಬೇಕಿರಲಿಲ್ಲ.

ಅಪ್ಪ ಖಾಲಿ ಚೀಲವನ್ನು ಕಂಬದ ಮೊಳೆಗೆ ತಗುಲಿಸಿದರು. ಶರ್ಟಿನ ತೋಳು ಮಡಿಸಿ, ಚಪ್ಪಲಿ ಬಿಟ್ಟು, ಸಾಲಿನ ಕೊನೆಯಲ್ಲಿ ಕೂತರು. "ನಂಗೆ ಮುದ್ದೆ ತಿಂದು ಗೊತ್ತಿಲ್ಲಪ್ಪ" ಎಂದರು. ಮೊದಲ ತುತ್ತನ್ನು ಮೈಸೂರುಪಾಕು ತಿನ್ನುವವರಂತೆ ಅಗಿಯತೊಡಗಿದರು. ಮಕ್ಕಳೆಲ್ಲ ಕೈ ಬಿಟ್ಟು ನೋಡಿದರು. ಹಿಟ್ಟು ಹಲ್ಲಿಗೆ, ಒಸಡಿಗೆ ಮೆತ್ತಿಕೊಂಡು ಅವರಿಗೆ ಮಾತಾಡಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಅಗೀಬ್ಯಾಡಿ ಸಾರ್, ನುಂಗಿ" ಎಂದು ಕೂಗಿದರು ಎಲ್ಲರೂ. ಸಿದ್ದರಾಜು ಹತ್ತಿರ ಬಂದು ಕೂತು, ತುತ್ತು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ತಾನು ನುಂಗಿ ತೋರಿಸಿದ. ಅಪ್ಪ ಮಾಡಿದರು. ಗಂಟಲಲ್ಲಿ ಅದು ಇಳಿಯುವುದು ಹೊರಗಿನಿಂದಲೇ ಕಾಣಿಸಿತು. ಕಣ್ಣಲ್ಲಿ ನೀರು ಬಂತು. ಅದು ಬರೀ ಮುದ್ದೆಗೆ ಬಂದ ನೀರೇ ಎಂದು ನನಗೆ ಈಗಲೂ ಖಾತ್ರಿಯಿಲ್ಲ. ಅವರು ಮಾತಿನ ಮನುಷ್ಯರಲ್ಲ, ಕೇಳಿದವನೂ ನಾನಲ್ಲ. ಇಡೀ ಮುದ್ದೆ ಮುಗಿಸಿದರು.

ಹೊರಡುವಾಗ ಅಕ್ಕ ಆ ಖಾಲಿ ಚೀಲಕ್ಕೆ ಅವರೆಕಾಯಿ ತುಂಬಿ ಕೊಟ್ಟಳು. ಸೇತುವೆಯ ತನಕ ಜೊತೆಗೆ ನಡೆದೆ. "ಅ... ಅಮ್ಮನಿಗೆ ಏನು ಹೇಳ್ತೀರಿ?" ಎಂದು ಕೇಳಿದೆ.

ಅಪ್ಪ ಬಹಳ ದೂರ ಯೋಚಿಸುತ್ತಾ ನಡೆದರು. "ಅವರೆಕಾಯಿ ತಂದೆ ಅಂತೀನಿ" ಎಂದರು.

ಇತ್ತ ದೊಡ್ಡೇಗೌಡರ ಮನೆಯಲ್ಲಿ ಬೇರೆಯೇ ನಡೆದಿತ್ತು. ಜಯಮ್ಮನನ್ನು ಊರ ಇಸ್ಕೂಲಿಗೆ ಸೇರಿಸಿದರು. ಅಲ್ಲಿನ ಮೇಷ್ಟರು ಏನು ಹೇಳಿದರೂ ಅವಳು ಯಾಕೆ ಎಂದು ಕೇಳಿ, ಬಾಗಿಲ ಹೊರಗೆ ನಿಂತು ನಿಂತು, ಮನೆಗೆ ಬಂದಳು. ಅಳಲಿಲ್ಲ, ಊಟ ಬಿಡಲಿಲ್ಲ. ತಾತ ಹೋದ ಕಡೆಯೆಲ್ಲ ಹಿಂದೆ ಹೋಗಿ ಮಾತಾಡಿಸಿದಳು. ಗದ್ದೆಗೆ ಹೋದರೆ ಗದ್ದೆಗೆ, ಪಂಚಾಯ್ತಿ ಕಟ್ಟೆಗೆ ಹೋದರೆ ಅಲ್ಲಿಗೆ. ಯಾಕೆ ತಾತ, ಯಾರು ಮಾಡಿದ್ದು ಆ ನಡಾವಳಿ, ಅವುರ್ಗೆ ಯಾರು ಯೋಳಿದ್ದು? ಸಂಕ್ರಾಂತಿ ಕಳೆಯುವ ಹೊತ್ತಿಗೆ ಗೌಡರು ಸೋತರು, ಒಪ್ಪಲಿಲ್ಲ. ಬೇಲಿ ತೆಗೆಸಿದರು. ಆದರೆ ಜಯಮ್ಮನಿಗೆ ಮನೆಯ ಬುತ್ತಿ ಕಟ್ಟಿಸಿದರು, ಅವಳು ಅದನ್ನೇ ಉಣ್ಣಬೇಕು. ಬುತ್ತಿ ತಕೊಂಡೋಯ್ತೀನಿ ಎಂದು ಅವಳು ಒಪ್ಪಿಕೊಂಡಳು. ಉಣ್ಣುವ ವಿಚಾರಕ್ಕೆ ಅವಳು ಹ್ಞೂಂ ಅನ್ನಲಿಲ್ಲ, ಯಾರೂ ಗಮನಿಸಲಿಲ್ಲ. ಅವಳು ಬಂದ ಮೇಲೆ ನಿಂತುಹೋದ ಮಕ್ಕಳಲ್ಲಿ ಕೆಲವರು ಬಂದರು. ಕೆಲವರು ಮತ್ತೆ ಬರಲೇ ಇಲ್ಲ.

ಆಲೆಮನೆ ಇಸ್ಕೂಲು ಆಮೇಲೂ ಕೆಲವು ವರ್ಷ ನಡೆಯಿತು. ಮೇಷ್ಟರಿಗೆ ಉಬ್ಬಸ ಹೆಚ್ಚಾಗಿ, ನಾವೆಲ್ಲ ಬೆಳೆದು ಹೊರಟು, ತಾನಾಗಿ ನಿಂತಿತು. ನಾನು ಹೊರಗಿನಿಂದ ಪರೀಕ್ಷೆ ಕಟ್ಟಿ, ಪಾಸಾಗಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದೆ. ತೊದಲುವವನಿಗೆ ಸಿಕ್ಕ ಕೆಲಸ ನೋಡಿ. ಟ್ರಂಕ್ ಕಾಲಿಗೆ ಕಾದವರು ನನ್ನ ಹಲೋಗೂ ಕಾದರು. ಸಿದ್ದರಾಜು ಸರ್ವೆ ಇಲಾಖೆ ಸೇರಿ ಜಿಲ್ಲೆಯ ಅರ್ಧ ಹೊಲಗದ್ದೆ ಅಳೆದು ನಿವೃತ್ತನಾದ. ಜಯಮ್ಮ ಮದ್ದೂರಿನ ಹತ್ತಿರ ರೇಷ್ಮೆ ಮಾಡುತ್ತಾಳೆ, ಈಗಲೂ ಎಲ್ಲರನ್ನೂ ಯಾಕೆ ಎಂದು ಕೇಳುತ್ತಾಳೆ.

ಬುತ್ತಿಯ ವಿಚಾರ ಅರ್ಧಕ್ಕೆ ಬಿಟ್ಟೆ. ಜಯಮ್ಮ ದಿನಾ ಬುತ್ತಿ ತರುತ್ತಿದ್ದಳು. ತಂದು, ಸಿದ್ದರಾಜುವಿನ ಮುಂದಿಟ್ಟು, ತಾನು ಸಾಲಿನಲ್ಲಿ ಕೂತು ಆಲೆಮನೆಯ ಹಿಟ್ಟು ಉಣ್ಣುತ್ತಿದ್ದಳು. ಗೌಡರ ಮನೆಯ ಉಪ್ಪುಸಾರು ಸಿದ್ದರಾಜುವಿನ ಹೊಟ್ಟೆಗೆ, ಸಿದ್ದರಾಜು ತೊಳಸಿದ ಹಿಟ್ಟು ಗೌಡರ ಮೊಮ್ಮಗಳ ಹೊಟ್ಟೆಗೆ. ಅಷ್ಟು ಚಿಕ್ಕ ಊರಿನಲ್ಲಿ ಇಂಥದ್ದು ಎಷ್ಟು ದಿನ ತಿಳಿಯದೆ ಉಳಿದೀತು? ಒಂದು ಮಧ್ಯಾಹ್ನ ನಾನೂ ಸಿದ್ದರಾಜುವೂ ಒಲೆಗೆ ಪುಳ್ಳೆ ಆಯ್ದು ನಾಲೆಯ ಏರಿಯ ಮೇಲೆ ಬರುತ್ತಿದ್ದಾಗ ಗೌಡರು ಎದುರಾದರು. ಏರಿ ಕಿರಿದು. ದೊಡ್ಡವರು ಎದುರಾದರೆ ಕೆಳಗಿಳಿದು ದಾರಿ ಬಿಡು, ಒಡೆಯರಿಗೆ ಅನ್ನುವಂತೆ ಬುದ್ಧೀ ಅನ್ನು ಎಂದು ಸಿದ್ದರಾಜುವಿಗೆ ಅವನವ್ವ ಹೇಳಿಕೊಟ್ಟಿದ್ದಳು. ಅವನು ಇಳಿಯಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು ನಿಂತ. 

ಗೌಡರು ನಿಂತರು. ಅವನನ್ನು ಮೇಲಿಂದ ಕೆಳಕ್ಕೆ ನೋಡಿದರು.

"ಏನ್ಲಾ, ನಮ್ಮಟ್ಟಿ ಉಪ್ಸಾರು ಎಂಗದೆ?"

ಸಿದ್ದರಾಜು, "ಚೆಂದಾಗದೆ ಗೌಡ್ರೆ" ಎಂದ. ಆಮೇಲೆ ತಡೆಯಲಾರದೆ, "ಉಪ್ಪು ಒಸಿ ಕಮ್ಮಿ" ಎಂದ.

ಗೌಡರು ಕೋಲು ಊರುತ್ತಾ ನಮ್ಮನ್ನು ದಾಟಿ ಹೋದರು. ಕೆಟ್ಟೆವು ಎಂದುಕೊಂಡು ನಾವಿಬ್ಬರೂ ಆಲೆಮನೆಯ ತನಕ ಓಡಿದೆವು. ಮತ್ತೆ ಮುಳ್ಳಿನ ಬೇಲಿ ಬೀಳುತ್ತದೆ ಎಂದು ಬೆಳಗಾಗುವುದನ್ನೇ ಕಾದೆವು.

ಮರುದಿನ ಜಯಮ್ಮ ಎಂದಿನಂತೆ ಬಂದಳು. ಬುತ್ತಿಯ ಬಟ್ಟೆ ಬಿಚ್ಚಿದರೆ ಸಾರಿನ ಪಕ್ಕದಲ್ಲಿ ಬಾಳೆಲೆಯ ಚೂರಿನಲ್ಲಿ ಕಟ್ಟಿದ ಒಂದು ಪುಟ್ಟ ಪೊಟ್ಟಣವಿತ್ತು.

"ಇದೇನ್ಲಾ ಅಂತ ನಂಗೂ ಗೊತ್ತಿಲ್ಲ" ಎಂದಳು. "ತಾತನೇ ಕಟ್ಟಿಟ್ರು."

ಸಿದ್ದರಾಜು ಬಿಚ್ಚಿದ. ಒಳಗೆ ಉಪ್ಪಿತ್ತು. ಒಂದು ಚಿಟಿಕೆ ಸಾರಿಗೆ ಹಾಕಿ, ಬೆರಳಲ್ಲಿ ಕದಡಿ, ನಾಲಿಗೆಗೆ ಹಚ್ಚಿ ನೋಡಿದ.

"ಈಗ ಸರ್ಯಾಗದೆ" ಎಂದು ಉಣ್ಣಲು ಕೂತ.